ಬೆಳೆಯುವ ಮಕ್ಕಳ ದವಡೆ ಮುರಿತ ಮತ್ತು ಶಸ್ತ್ರಕ್ರಿಯೆಯಿಲ್ಲದ ಚಿಕಿತ್ಸೆ

(ಗಿಲ್ಲೆಸುಗೂರಿನಲ್ಲಿ ಸೇರಿದ್ದ ದಂಪತಿಗಳ ಸಭೆಯಲ್ಲಿ ಸರ್ಕಾರಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಿಗೊಳಿಸುವುದು ಮಾತ್ರವೆಂದು ಅನೇಕರು ಭಾವಿಸಿದ್ದಾರೆ. ಅದು ಕುಟುಂಬ ಕಲ್ಯಾಣದ ಒಂದು ಅಂಗ. ಹುಟ್ಟಿದ ಮಗು ಚೆನ್ನಾಗಿ ಉಂಡು, ಆಡಿ, ಓದಿ, ಊನವಿಲ್ಲದೆ ಬೆಳೆದು ದೊಡ್ಡದಾಗುವಂತೆ ನೋಡಿಕೊಳ್ಳುವುದು ಅದರ ಮತ್ತೊಂದು ಅಂಗ. ಈ ಎರಡನೆಯ ಅಂಗಕ್ಕೆ ಸೇರಿದ ಒಂದು ವಿಷಯವನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ. ಬಿದ್ದು ಪೆಟ್ಟಾಗಿ ಮಗುವಿನ ದವಡೆ ಮುರಿದಾಗ ಏನು ಮಾಡಬೇಕು, ಅದಕ್ಕೆ ಎಂಥ ಚಿಕಿತ್ಸೆ ದೊರೆಯುತ್ತದೆ, ಆ ಚಿಕಿತ್ಸೆಯಲ್ಲಿ ತಂದೆತಾಯಿಗಳ ಪಾಲು ಎಷ್ಟು ಎಂಬುದೇ ಆ ವಿಷಯ.

ದವಡೆ ಮುರಿಯುವುದು ಹೇಗೆ?

ನಮ್ಮ ಭಾಗದ ಮನೆಗಳಿಗೆ ಸಮನಾದ ಮಾಳಿಗೆಗಳಿವೆ. ಬೇಸಿಗೆಯ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಾರೆ. ಅನೇಕ ಮಾಳಿಗೆಗಳಿಗೆ ಅಂಚಿನ ಗೋಡೆಯಿರುವುದಿಲ್ಲ. ನಿದ್ದೆಗಣ್ಣಿನಲ್ಲಿ ಎದ್ದ ಮಗು ಕೆಳಕ್ಕೆ ಬೀಳುತ್ತದೆ. ಹುಣಸೆ ಮರ ಹತ್ತಿದ ಹುಡುಗ ಜಾರುತ್ತಾನೆ. ಹತ್ತಿ ತುಂಬಿದ ಬಂಡಿಯ ಮೇಲಿಂದ, ಭತ್ತದ ಮೂಟೆ ಹೇರಿದ ಟ್ರ್ಯಾಕ್ಟರಿನ ಮೇಲಿಂದ ಮಕ್ಕಳು ಉರುಳುತ್ತಾರೆ. ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಕೂಡಿಸಿಕೊಂಡ ಮಗು, ವಾಹನ ಒಮ್ಮೆಲೆ ನಿಂತಾಗ ಮುಂದಿನ ಹಿಡಿಕೆಗೆ ಮುಖವನ್ನು ಬಡಿದುಕೊಳ್ಳುತ್ತದೆ. ಎಂಟು ವರ್ಷದ ಅಕ್ಕನ ಕಂಕುಳಲ್ಲಿದ್ದ ಕೂಸು ಅವಳೊಡನೆಯೇ ಕಟ್ಟೆಯ ಮೇಲಿಂದ ಬೀಳುವುದೂ ಉಂಟು. ಇಂಥ ಬಹುತೇಕ ಸಂದರ್ಭಗಳಲ್ಲಿ ನೆಲಕ್ಕೆ ಮೊದಲು ತಾಗುವುದು ಗದ್ದ.

ಕೆಳದವಡೆಯು ಲಾಳದ ಆಕಾರದ ಎಲುಬು. ಅದರ ನಡುಭಾಗವೇ ಗದ್ದ. ಎರಡು ತುದಿಗಳು ಮೇಲಕ್ಕೇರಿ, ಎರಡೂ ಕಿವಿಗಳ ಮುಂದೆ ಸಣ್ಣ ಗುಂಡುಗಳಾಗಿ ತಲೆಬುರುಡೆಗೆ ಕೀಲುಗೊಂಡಿವೆ. ತಾವು ಕಿವಿಯ ಮುಂದೆ ಬೆರಳಿಟ್ಟು ಬಾಯಿಯನ್ನು ತೆರೆದು ಮುಚ್ಚಿದರೆ ಆ ಗುಂಡು ಚಲಿಸುವುದು ಬೆರಳಿಗೆ ತಿಳಿಯುತ್ತದೆ. ಬಂಡಿಯ ಮೂಕಿ ನೆಲಕ್ಕೆ ಬಲವಾಗಿ ಬಡಿದಾಗ ಮೂಕಿಗೆ ಏನೂ ಆಗದೆ ಹಿಂದಿನ ಅಚ್ಚಿನ ಬಳಿ ಬಿರುಕು ಬಿಡಬಹುದಲ್ಲವೇ? ಹಾಗೆಯೇ ಗದ್ದಕ್ಕೆ ಬಿದ್ದ ಪೆಟ್ಟು ಎಲುಬಿನುದ್ದಕ್ಕೂ ಸಾಗಿ ಕಿವಿಯ ಮುಂದಿನ ಕೀಲುತಲೆಯನ್ನು ಮುರಿಯುತ್ತದೆ. ಮಕ್ಕಳ ದವಡೆ ಮುರಿತಗಳಲ್ಲಿ ಬಹಳ ಸಲ ಮುರಿಯುವುದು ಈ ಕೀಲುತಲೆಯೇ.

ಇದರಿಂದ ಒಂದು ಅಪಾಯ ಒದಗುತ್ತದೆ. ಗದ್ದದ ಗಾಯ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದಕ್ಕೆ ಅರಿಶಿನ ಮೆತ್ತುತ್ತಾರೆ, ಇಲ್ಲವೇ ಎರಡು ಹೊಲಿಗೆ ಹಾಕಿಸುತ್ತಾರೆ. ಎಂಟು ದಿನಗಳಲ್ಲಿ ಗಾಯ ಮಾಯುತ್ತದೆ. ಆದರೆ ಗಾಯದಿಂದ ಒಂದು ಗೇಣು ಮೇಲೆ, ಕಿವಿಯ ಮುಂದೆ ಮುರಿದಿರುವ ಎಲುಬನ್ನು ಯಾರೂ ಗಮನಿಸಿರುವುದಿಲ್ಲ. ಆದ್ದರಿಂದ ಈ ಒಂದು ಮಾತನ್ನು ತಾವು ಮರೆಯಲಾಗದು: ಗದ್ದ ಒಡೆದುಕೊಂಡ ಪ್ರತಿಯೊಂದು ಮಗುವಿನ ಕಿವಿಯ ಮುಂದಿನ ಕೀಲನ್ನೂ ವೈದ್ಯರಿಗೆ ತೋರಿಸಲೇಬೇಕು.

ಗುರುತಿಸುವ ಲಕ್ಷಣಗಳು

ಬಾಯಿ ಮುಚ್ಚಿದಾಗ ಮೇಲಿನ ಹಲ್ಲುಗಳಿಗೂ ಕೆಳಗಿನ ಹಲ್ಲುಗಳಿಗೂ ಮೊದಲಿನಂತೆ ಹೊಂದಿಕೆ ಇಲ್ಲದಿರುವುದು, ಬಾಯಿ ತೆರೆದಾಗ ಗದ್ದ ಒಂದು ಪಕ್ಕಕ್ಕೆ ಸರಿಯುವುದು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಕಿವಿಯ ಮುಂದೆ ಬಾವು ಮತ್ತು ನೋವು, ಕಿವಿಯಿಂದ ರಕ್ತ, ನಾಲಗೆಯ ಕೆಳಗೆ ರಕ್ತ ಹೆಪ್ಪುಗಟ್ಟಿ ನೀಲಿಯಾಗಿರುವುದು, ಹಲ್ಲಿನ ಸಾಲಿನಲ್ಲಿ ಮೆಟ್ಟಿಲಿನಂತೆ ಏರುಪೇರು, ಕೆಳತುಟಿ ಜೋಮು ಹಿಡಿದಂತಿರುವುದು, ಜೊಲ್ಲು ಸುರಿಯುವುದು. ಮಾತು ಬಾರದ ಕೂಸಾದರೆ ಹಾಲು ಕುಡಿಯಲೊಲ್ಲದೆ ಅಳುತ್ತದೆ. ಇವುಗಳಲ್ಲಿ ಒಂದು ಕಂಡರೂ ಅದು ದವಡೆ ಮುರಿತವಿರಬಹುದೆಂದು ತಿಳಿಯಬೇಕು.

ಮೊದಲ ಗಳಿಗೆಯ ಉಪಚಾರ

ದವಡೆಗಿಂತ ಉಸಿರು ಮುಖ್ಯ. ಎಚ್ಚರವಿರುವ ಮಗುವನ್ನು ಮುಂದಕ್ಕೆ ಬಾಗಿಸಿ ಕೂಡಿಸಿ, ಬಾಯಿಯ ರಕ್ತ ಹೊರಕ್ಕೆ ಹರಿಯುವಂತೆ ಮಾಡಿರಿ. ಅಂಗಾತ ಮಲಗಿಸಬೇಡಿರಿ, ರಕ್ತವೂ ಮುರಿದ ಹಲ್ಲೂ ಗಂಟಲಿಗಿಳಿದು ಉಸಿರು ಕಟ್ಟಬಹುದು. ಎಚ್ಚರ ತಪ್ಪಿದ ಮಗುವನ್ನು, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಒಂದು ಮಗ್ಗುಲಿಗೆ ಮಲಗಿಸಿರಿ. ಗಾಯದಿಂದ ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿಯಿರಿ. ಗದ್ದದಿಂದ ನೆತ್ತಿಯವರೆಗೆ ಬಟ್ಟೆಯನ್ನು ಬಿಗಿದು ಕಟ್ಟಬೇಡಿರಿ. ವಾಂತಿಯಾದರೆ ಮಗುವಿನ ಪ್ರಾಣಕ್ಕೇ ಅಪಾಯ. ವೈದ್ಯರು ನೋಡುವವರೆಗೆ ಏನನ್ನೂ ತಿನ್ನಿಸಬೇಡಿರಿ. ಪದೇಪದೇ ವಾಂತಿ, ಮಂಪರು, ಕಿವಿ ಮೂಗುಗಳಿಂದ ನೀರಿನಂಥ ಸ್ರಾವ, ಮೈ ಸೆಳೆತ ಇವು ತಲೆಗೆ ಪೆಟ್ಟಾಗಿರುವುದರ ಗುರುತುಗಳು. ಆಗ ಒಂದು ಗಳಿಗೆಯನ್ನೂ ಕಳೆಯಲಾಗದು. ನಮ್ಮ ರಾಜ್ಯದಲ್ಲಿ 2008ರಿಂದ ನಡೆಯುತ್ತಿರುವ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡಿರಿ.

ಹಲ್ಲು ಬೇರುಸಹಿತ ಕಿತ್ತು ಬಂದಿದ್ದರೆ ಅದನ್ನು ಎಸೆಯಬೇಡಿರಿ. ಅದು ಹೊಸ ಹಲ್ಲಾಗಿದ್ದರೆ, ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನ ಲೋಟದಲ್ಲಿ ಹಾಕಿ ಒಂದು ಗಂಟೆಯೊಳಗಾಗಿ ದಂತವೈದ್ಯರಲ್ಲಿಗೆ ಒಯ್ದರೆ ಮತ್ತೆ ಅದರ ಸ್ಥಾನದಲ್ಲಿ ಕೂಡಿಸಲು ಸಾಧ್ಯವಿದೆ. ಹಾಲುಹಲ್ಲನ್ನು ಹಾಗೆ ಕೂಡಿಸುವುದಿಲ್ಲ. ಆದರೂ ಅದನ್ನು ಕೊಂಡೊಯ್ಯುವುದು ಲೇಸು. ಮಗು ಹಲ್ಲನ್ನು ನುಂಗಿಲ್ಲವೆಂದು ಅದರಿಂದ ವೈದ್ಯರಿಗೆ ಖಚಿತವಾಗುತ್ತದೆ.

ಪೆಟ್ಟು ಹೇಗಾಯಿತೆಂಬುದನ್ನು ವೈದ್ಯರಿಗೆ ನಿಜವಾಗಿ ಹೇಳಿರಿ. ಹಿರಿಯರ ಕೈಯಿಂದ ಏಟು ಬಿದ್ದಿದ್ದರೂ ಅದನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಮುರಿತ ಎಲ್ಲಿರಬಹುದೆಂದು ಹುಡುಕುವುದು ಕಷ್ಟವಾಗುತ್ತದೆ. ಲಸಿಕೆಯ ಚೀಟಿಯನ್ನೂ ಜೊತೆಗೆ ತನ್ನಿರಿ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಬೇಡವೇ ಎಂಬುದು ಅದರಿಂದ ತಿಳಿಯುತ್ತದೆ.

ಮಕ್ಕಳಿಗೆ ಶಸ್ತ್ರಕ್ರಿಯೆ ಏಕೆ ಬೇಡ?

ದೊಡ್ಡವರ ದವಡೆ ಮುರಿದರೆ ವೈದ್ಯರು ಅನೇಕ ಸಲ ಕೊಯ್ದು, ಲೋಹದ ಪಟ್ಟಿಯನ್ನು ಸ್ಕ್ರೂಗಳಿಂದ ಬಿಗಿಯುತ್ತಾರೆ. ಮಕ್ಕಳಲ್ಲಿ ಸಾಧ್ಯವಾದಷ್ಟು ಹಾಗೆ ಮಾಡುವುದಿಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಹಲ್ಲಿನ ಮೊಳಕೆಗಳು. ಸುಮಾರು 6 ವರ್ಷದಿಂದ 12 ವರ್ಷದವರೆಗೆ ಹಾಲುಹಲ್ಲುಗಳು ಬಿದ್ದು ಹೊಸ ಹಲ್ಲುಗಳು ಬರುತ್ತವೆ. ಅದಕ್ಕೂ ಮೊದಲೇ ಆ ಹೊಸ ಹಲ್ಲುಗಳೆಲ್ಲ ಮೊಳಕೆಗಳಾಗಿ ದವಡೆಯ ಎಲುಬಿನೊಳಗೆ ಒತ್ತಾಗಿ ಅಡಗಿರುತ್ತವೆ. ಬಿತ್ತಿದ ಹೊಲದಲ್ಲಿ ಮೊಳಕೆ ಏಳುವ ಮೊದಲು ಗೂಟ ಬಡಿದರೆ ಏನಾಗುವುದೋ, ಅಲ್ಲಿ ಸ್ಕ್ರೂ ಕೊರೆದರೂ ಅದೇ ಆಗುತ್ತದೆ.

ಎರಡನೆಯದು, ಬೆಳವಣಿಗೆ. ಕಿವಿಯ ಮುಂದಿನ ಕೀಲುತಲೆಯ ಮೃದ್ವಸ್ಥಿಯು ದವಡೆಯ ಬೆಳವಣಿಗೆಗೆ ಮುಖ್ಯವಾದ ಸ್ಥಾನ. ಜೋಳದ ಪೈರಿಗೆ ಸುಳಿ ಹೇಗೋ ದವಡೆಗೆ ಅದು ಹಾಗೆ. ಅನವಶ್ಯಕವಾಗಿ ಅಲ್ಲಿ ಕತ್ತಿಯನ್ನಾಡಿಸಿದರೆ ಬೆಳವಣಿಗೆ ಕುಂದಬಹುದು. ಆ ಜಾಗದ ಸಮೀಪದಲ್ಲಿಯೇ ಮುಖದ ಸ್ನಾಯುಗಳನ್ನು ಆಡಿಸುವ ನರವೂ ಹಾದುಹೋಗುತ್ತದೆ.

ಮೂರನೆಯದು, ಎಳೆಯ ಎಲುಬಿನ ಗುಣ. ಒಣಗಿದ ಬೇವಿನ ಕಡ್ಡಿ ಲಟಕ್ಕನೆ ಎರಡಾಗುತ್ತದೆ. ಹಸಿಯ ಕಡ್ಡಿ ಬಾಗಿ ಒಂದು ಬದಿ ಮಾತ್ರ ಸೀಳುತ್ತದೆ. ಮಕ್ಕಳ ಎಲುಬು ಹಸಿಯ ಕಡ್ಡಿಯಂಥದು. ಅದು ಬೇಗ ಕೂಡಿಕೊಳ್ಳುತ್ತದೆ. ದೊಡ್ಡವರಿಗೆ 4ರಿಂದ 6 ವಾರಗಳು ಬೇಕಾದರೆ ಮಕ್ಕಳಿಗೆ 2ರಿಂದ 3 ವಾರಗಳು ಸಾಮಾನ್ಯವಾಗಿ ಸಾಕು. ಅಲ್ಪಸ್ವಲ್ಪ ಸೊಟ್ಟಾಗಿ ಕೂಡಿದ ಎಲುಬೂ, ಮಗು ಅಗಿಯುತ್ತ ಬೆಳೆಯುತ್ತ ಹೋದಂತೆ ತಾನಾಗಿ ತಿದ್ದಿಕೊಳ್ಳುತ್ತದೆ.

ಇದು ಹೊಸ ಪ್ರಯೋಗವೇನೂ ಅಲ್ಲ. ಎಳೆಯ ವಯಸ್ಸಿನಲ್ಲಿ ಮುರಿದ ಎಲುಬು ಒಂದು ತಿಂಗಳಲ್ಲಿ ಕೂಡುವುದೆಂದೂ, ನಡುವಯಸ್ಸಿನಲ್ಲಿ ಅದಕ್ಕೆ ಇಮ್ಮಡಿ, ಮುಪ್ಪಿನಲ್ಲಿ ಮುಮ್ಮಡಿ ಕಾಲ ಹಿಡಿಯುವುದೆಂದೂ ನಮ್ಮ ಸುಶ್ರುತ ಸಂಹಿತೆ ಹೇಳುತ್ತದೆ. 1865ರಲ್ಲಿ ಅಮೆರಿಕದ ಮಂತ್ರಿ ವಿಲಿಯಂ ಸೀವರ್ಡ್ ಅವರು ಸಾರೋಟಿನಿಂದ ಬಿದ್ದು ದವಡೆ ಮುರಿದುಕೊಂಡಾಗ, ಗನ್ನಿಂಗ್ ಎಂಬ ದಂತವೈದ್ಯರು ಹಲ್ಲುಗಳ ಅಳತೆಗೆ ಸರಿಯಾಗಿ ಗಟ್ಟಿ ರಬ್ಬರಿನ ಅಚ್ಚೊಂದನ್ನು ಮಾಡಿ ಬಾಯಿಯಲ್ಲಿ ಕೂಡಿಸಿ ಗುಣಪಡಿಸಿದರು. ಇಂದು ಮಕ್ಕಳಿಗೆ ಬಳಸುವ ಅಚ್ಚು ಅದೇ ತತ್ತ್ವದ ಮೇಲೆ ನಿಂತಿದೆ.

ಚಿಕಿತ್ಸೆಯ ವಿಧಾನಗಳು

ಮೊದಲು ಎಕ್ಸ್-ರೇ ತೆಗೆಯುತ್ತಾರೆ. ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ ದೊಡ್ಡ ಎಕ್ಸ್-ರೇ ಇದೆ. ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನನ್ನೂ ಮಾಡಿಸುತ್ತಾರೆ. ಅನಂತರ ಮಗುವಿನ ವಯಸ್ಸು, ಮುರಿದ ಜಾಗ, ಹಲ್ಲುಗಳ ಹೊಂದಿಕೆ ಇವನ್ನು ನೋಡಿ ಚಿಕಿತ್ಸೆಯನ್ನು ನಿರ್ಧರಿಸುತ್ತಾರೆ.

ಎಲುಬು ಬಿರುಕು ಬಿಟ್ಟಿದ್ದು ಸ್ಥಳ ಬಿಟ್ಟು ಸರಿಯದಿದ್ದರೆ, ಹಲ್ಲುಗಳ ಹೊಂದಿಕೆಯೂ ಸರಿಯಿದ್ದರೆ, ಮೆತ್ತನೆಯ ಆಹಾರ, ನೋವಿನ ಔಷಧ ಮತ್ತು ಎಚ್ಚರಿಕೆಯ ಪರೀಕ್ಷೆ ಇಷ್ಟೇ ಸಾಕಾಗುತ್ತದೆ.

ಹಲ್ಲಿರುವ ಭಾಗದಲ್ಲಿ ಎಲುಬು ಮುರಿದು ಸರಿದಿದ್ದರೆ, ಮೆತ್ತನೆಯ ವಸ್ತುವಿನಿಂದ ಹಲ್ಲುಗಳ ಅಚ್ಚು ತೆಗೆದು, ಕಟ್ಟುಹಲ್ಲು ಮಾಡಲು ಬಳಸುವ ಅಕ್ರಿಲಿಕ್ಕಿನಿಂದ ಹಲ್ಲಿನ ಸಾಲಿಗೆ ಟೊಪ್ಪಿಗೆಯಂಥ ಕವಚವೊಂದನ್ನು ಸಿದ್ಧಪಡಿಸುತ್ತಾರೆ. ಸರಿದ ಎಲುಬನ್ನು ಕೈಯಿಂದಲೇ ಕೂಡಿಸಿ ಕವಚವನ್ನು ತೊಡಿಸುತ್ತಾರೆ. ಅದು ಅಲುಗದಂತೆ ಸಣ್ಣ ತಂತಿಯನ್ನು ದವಡೆಯ ಸುತ್ತ ಹಾಯಿಸಿ ಕಟ್ಟಬೇಕಾಗಬಹುದು. ಆಗ ಮಗುವಿಗೆ ಅರಿವಳಿಕೆ ಕೊಡುತ್ತಾರೆ. ಆದರೆ ಎಲುಬನ್ನು ಬಿಚ್ಚಿ ಕೊಯ್ಯುವುದಿಲ್ಲ. 2ರಿಂದ 3 ವಾರಗಳಲ್ಲಿ ಕವಚವನ್ನು ತೆಗೆಯುತ್ತಾರೆ.

ಕೀಲುತಲೆ ಮುರಿದಿದ್ದರೆ ಚಿಕಿತ್ಸೆಯ ರೀತಿಯೇ ಬೇರೆ. ಹಲ್ಲುಗಳು ಸರಿಯಾಗಿ ಕೂಡುತ್ತಿದ್ದರೆ ಮೆತ್ತನೆಯ ಆಹಾರ ಕೊಟ್ಟು, ಬೇಗನೆ ಬಾಯಿಯನ್ನು ಆಡಿಸಲು ತೊಡಗಿಸುತ್ತಾರೆ. ಹೊಂದಿಕೆ ತಪ್ಪಿದ್ದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಸಣ್ಣ ರಬ್ಬರುಗಳನ್ನು ಹಾಕಿ, ಸಾಮಾನ್ಯವಾಗಿ 7ರಿಂದ 10 ದಿನ ದವಡೆಗೆ ವಿಶ್ರಾಂತಿ ಕೊಡುತ್ತಾರೆ. ಅದಕ್ಕಿಂತ ಹೆಚ್ಚು ಕಾಲ ಕಟ್ಟಿಡುವುದು ಹಿತವಲ್ಲ. ಕೈಕಾಲುಗಳ ಎಲುಬು ಕಟ್ಟುವವರಲ್ಲಿಗೆ ಒಯ್ದು, ಮಗುವಿನ ದವಡೆಯನ್ನು ತಿಂಗಳುಗಟ್ಟಲೆ ಬಿಗಿದು ಕಟ್ಟಿಸುವುದು ಈ ಕಾರಣದಿಂದಲೇ ಬಹಳ ಅಪಾಯಕರ. ಕಾಲಿಗೆ ಹಿತವಾದ ಕಟ್ಟು ದವಡೆಯ ಕೀಲಿಗೆ ಹಿತವಾಗುವುದಿಲ್ಲ.

ಶಸ್ತ್ರಕ್ರಿಯೆ ಎಂದೂ ಬೇಡವೆಂದು ನಾನು ಹೇಳುತ್ತಿಲ್ಲ. ಮುರಿದ ತುಂಡು ಅಡ್ಡ ಬಂದು ಬಾಯಿ ತೆರೆಯಲು ಅಥವಾ ಮುಚ್ಚಲು ಬಾರದಿದ್ದರೆ, ಎಲುಬು ಬಹಳ ದೂರ ಸರಿದಿದ್ದರೆ, ಕೀಲುತಲೆ ತಲೆಬುರುಡೆಯೊಳಕ್ಕೆ ನುಗ್ಗಿದ್ದರೆ, ಕಲ್ಲು ಕಬ್ಬಿಣದ ಚೂರು ಒಳಗೆ ಹೊಕ್ಕಿದ್ದರೆ ಶಸ್ತ್ರಕ್ರಿಯೆ ಅನಿವಾರ್ಯವಾಗಬಹುದು. ತಜ್ಞರು ಹಾಗೆ ಹೇಳಿದಾಗ ಹಿಂಜರಿಯಬಾರದು.

ಆಹಾರ ಮತ್ತು ಶುಚಿತ್ವ

ದವಡೆಗೆ ವಿಶ್ರಾಂತಿ ಕೊಟ್ಟ ದಿನಗಳಲ್ಲಿ ಹೊಟ್ಟೆಗೆ ವಿಶ್ರಾಂತಿ ಕೊಡಬಾರದು. ಎಲುಬು ಕೂಡಲು ಪುಷ್ಟಿಕರ ಆಹಾರ ಬೇಕು. ಗಟ್ಟಿಯಾದ ಜೋಳದ ರೊಟ್ಟಿ, ಹುರಿದ ಶೇಂಗಾ, ಕಡಲೆ, ಕಬ್ಬು ಇವನ್ನು ವೈದ್ಯರು ಹೇಳುವವರೆಗೆ ಕೊಡಬೇಡಿರಿ. ಹಲ್ಲುಗಳನ್ನು ಕಟ್ಟಿದ್ದಾಗ ಹಾಲು, ಮಜ್ಜಿಗೆ, ಗಂಜಿ, ಸೋಸಿದ ಬೇಳೆಯ ಕಟ್ಟು, ಹಣ್ಣಿನ ರಸ ಇವನ್ನು ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪವಾಗಿ ಕುಡಿಸಿರಿ. ಬಾಯಿ ಬಿಚ್ಚಿದ ಮೇಲೆ ಮೆತ್ತಗೆ ಬೆಂದ ಜೋಳದ ನುಚ್ಚು, ಬೇಳೆ ಕಲಸಿದ ಅನ್ನ, ಬಾಳೆಹಣ್ಣು, ಬೇಯಿಸಿ ಹಿಸುಕಿದ ಮೊಟ್ಟೆ ಕೊಡಬಹುದು. ಪ್ರತಿ ಸಲ ಉಂಡ ಮೇಲೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ, ಮೆತ್ತನೆಯ ಬ್ರಷ್ಷಿನಿಂದ ಹಲ್ಲುಗಳನ್ನು ಶುಚಿ ಮಾಡಬೇಕು. ದೊಡ್ಡವರ ನೋವಿನ ಮಾತ್ರೆಯನ್ನು ಮುರಿದು ಮಕ್ಕಳಿಗೆ ಕೊಡಬೇಡಿರಿ. ಔಷಧದ ಅಳತೆ ಮಗುವಿನ ತೂಕದ ಮೇಲೆ ನಿಂತಿದೆ.

ಬಾಯಿಯ ವ್ಯಾಯಾಮ

ಇನ್ನು ಈ ಭಾಷಣದ ಮುಖ್ಯ ಭಾಗಕ್ಕೆ ಬರುತ್ತೇನೆ. ಕೊಯ್ಯದೆ ಮಾಡುವ ಚಿಕಿತ್ಸೆಯಲ್ಲಿ ಅರ್ಧ ಕೆಲಸ ಆಸ್ಪತ್ರೆಯದು, ಉಳಿದರ್ಧ ಮನೆಯದು. ಮನೆಯ ಕೆಲಸವೆಂದರೆ ಬಾಯಿಯ ವ್ಯಾಯಾಮ. ವೈದ್ಯರು ಅಪ್ಪಣೆ ಕೊಟ್ಟ ದಿನದಿಂದ ಮಗುವನ್ನು ಕನ್ನಡಿಯ ಮುಂದೆ ಕೂಡಿಸಿ, ಗದ್ದ ಪಕ್ಕಕ್ಕೆ ಹೋಗದಂತೆ ನೇರವಾಗಿ ಬಾಯಿ ತೆರೆಯಿಸಬೇಕು. ಎಷ್ಟು ಸಲ, ಎಷ್ಟು ಹೊತ್ತು ಎಂಬುದನ್ನು ವೈದ್ಯರು ತಿಳಿಸುತ್ತಾರೆ. ಅಳತೆಗೋಲು ಮಗುವಿನ ಕೈಯಲ್ಲಿಯೇ ಇದೆ: ಮಗು ತನ್ನ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ, ಮುಂದಿನ ಮೇಲುಹಲ್ಲು ಕೆಳಹಲ್ಲುಗಳ ನಡುವೆ ಇಡಲು ಬಂದರೆ ಬಾಯಿ ಚೆನ್ನಾಗಿ ತೆರೆಯುತ್ತಿದೆ ಎಂದು ಅರ್ಥ. ವಾರಕ್ಕೊಮ್ಮೆ ತಾಯಿಯಾಗಲಿ ತಂದೆಯಾಗಲಿ ಇದನ್ನು ನೋಡಬೇಕು.

ಮೊದಮೊದಲು ನೋವಾಗುತ್ತದೆ, ಮಗು ಅಳುತ್ತದೆ. ಕರುಳು ಚುರುಕ್ಕೆಂದು ತಾಯಿ "ನಾಳೆ ಮಾಡೋಣ ಬಿಡು ಕಂದ" ಎನ್ನುತ್ತಾಳೆ. ಆ ನಾಳೆಗಳು ಕೂಡಿ ತಿಂಗಳಾಗುತ್ತವೆ. ಅಷ್ಟರಲ್ಲಿ ಕೀಲಿನಲ್ಲಿ ಎಲುಬಿಗೆ ಎಲುಬು ಬೆಸೆದು ಬಾಯಿ ತೆರೆಯದಂತಾಗಬಹುದು. ಎಳೆಯ ಮಕ್ಕಳಲ್ಲಿ, ಅದರಲ್ಲೂ ಗಮನಿಸದೆ ಬಿಟ್ಟ ಕೀಲುತಲೆಯ ಮುರಿತದಲ್ಲಿ, ಈ ಭಯ ಹೆಚ್ಚು. ಬಾಯಿ ಬೆಸೆದ ಮಗು ರೊಟ್ಟಿಯನ್ನು ಅಗಿಯಲಾರದು, ಹಲ್ಲುಜ್ಜಿಕೊಳ್ಳಲಾರದು, ಹಲ್ಲುಗಳು ಹುಳುಕಾಗುತ್ತವೆ. ಗದ್ದ ಬೆಳೆಯದೆ ಹಿಂದಕ್ಕೆ ಉಳಿಯುತ್ತದೆ, ಇಲ್ಲವೇ ಮುಖ ಒಂದು ಪಕ್ಕಕ್ಕೆ ಸೊಟ್ಟಗಾಗುತ್ತದೆ. ರಾತ್ರಿ ಉಸಿರು ಕಟ್ಟಿ ನಿದ್ದೆ ಕೆಡುತ್ತದೆ. ಆಗ ದೊಡ್ಡ ಶಸ್ತ್ರಕ್ರಿಯೆಯೇ ಬೇಕಾಗುತ್ತದೆ. ಬಾಯಿ ತೆರೆಯದ ಮಗುವಿಗೆ ಅರಿವಳಿಕೆ ಕೊಡುವುದು ಸಹ ಕಠಿಣ. ಮೊದಲು ತಪ್ಪಿಸಿದ ಶಸ್ತ್ರಕ್ರಿಯೆ ಹೀಗೆ ಹಿಂಬಾಗಿಲಿನಿಂದ ಬರದಿರಬೇಕಾದರೆ, ದಿನದಿನದ ಈ ಸಣ್ಣ ನೋವನ್ನು ತಂದೆತಾಯಿಗಳು ಗಟ್ಟಿ ಮನಸ್ಸಿನಿಂದ ಮಾಡಿಸಲೇಬೇಕು.

ಮರುಪರೀಕ್ಷೆ ಮತ್ತು ಗುಳೆ

ನೋವು ಹೋದ ಮೇಲೂ ಮಗುವನ್ನು ವೈದ್ಯರಿಗೆ ತೋರಿಸುತ್ತಿರಬೇಕು. ಮೊದಲ ತಿಂಗಳಲ್ಲಿ ಕೆಲವು ಸಲ, ಅನಂತರ 3ನೆಯ ಮತ್ತು 6ನೆಯ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ, ಮುಖದ ಬೆಳವಣಿಗೆ ಮುಗಿಯುವವರೆಗೂ ಇದು ನಡೆಯಬೇಕು. ಮುರಿತದ ಪರಿಣಾಮ ಹೊಸ ಹಲ್ಲು ಬರುವಾಗ ಅಥವಾ ಮಗು ಹರೆಯಕ್ಕೆ ಬರುವಾಗ ಕಾಣಿಸಿಕೊಳ್ಳಬಹುದು. ಬೇಗ ಕಂಡರೆ ಹಲ್ಲಿಗೆ ಹಾಕುವ ಸಾಧನಗಳಿಂದ ತಿದ್ದಲು ಅವಕಾಶವಿರುತ್ತದೆ.

ದೇವದುರ್ಗ, ಮಾನ್ವಿ, ರಾಯಚೂರು ಕಡೆಯ ಅನೇಕ ಕುಟುಂಬಗಳು ಸುಗ್ಗಿ ಮುಗಿದೊಡನೆ ಬೆಂಗಳೂರು, ಹೈದರಾಬಾದು ಮೊದಲಾದ ಊರುಗಳಿಗೆ ಗುಳೆ ಹೋಗುವುದನ್ನು ನಾವೆಲ್ಲ ಬಲ್ಲೆವು. ಹೊಟ್ಟೆಪಾಡಿಗಾಗಿ ಹೋಗುವವರನ್ನು ಹೋಗಬೇಡಿರೆಂದು ಹೇಳುವ ಹಾಗಿಲ್ಲ. ಆದರೆ ಹೊರಡುವ ಮುನ್ನ ವೈದ್ಯರಿಗೆ ತಿಳಿಸಿರಿ. ಚಿಕಿತ್ಸೆಯ ಚೀಟಿ ಮತ್ತು ಎಕ್ಸ್-ರೇಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರೆ ಚಿಕಿತ್ಸೆ ಮುಂದುವರಿಯುತ್ತದೆ. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುವುದಾದರೆ, ವ್ಯಾಯಾಮವನ್ನು ಅಜ್ಜಿಗೆ ಮಾಡಿ ತೋರಿಸಿರಿ. ಆಶಾ ಕಾರ್ಯಕರ್ತೆಗೂ ಒಂದು ಮಾತು ಹೇಳಿ ಹೋಗಿರಿ.

ಕೆಲವು ಸಂದೇಹಗಳು

"ದೊಡ್ಡಾಸ್ಪತ್ರೆಗೆ ಒಯ್ದರೂ ಕೊಯ್ಯಲಿಲ್ಲ, ಬರೀ ಗಂಜಿ ಕುಡಿಸಿರೆಂದು ಕಳಿಸಿಬಿಟ್ಟರು, ಬಡವರೆಂದು ಅಲಕ್ಷ್ಯ ಮಾಡಿದರು" ಎಂದು ಕೆಲವರು ಕೊರಗುವುದುಂಟು. ಕೊಯ್ಯದಿರುವುದು ಅಲಕ್ಷ್ಯವಲ್ಲ, ಬೆಳೆಯುವ ಮಗುವಿಗೆ ಅನೇಕ ಸಲ ಅದೇ ಯೋಗ್ಯವಾದ ಚಿಕಿತ್ಸೆ. ಹಣವಂತರ ಮಗುವಿಗೂ ತಜ್ಞರು ಅದನ್ನೇ ಮಾಡುತ್ತಾರೆ. ಮರಳಿ ಬರಲು ಹೇಳಿದ ದಿನ ಹೋಗದಿರುವುದೇ ನಿಜವಾದ ಅಲಕ್ಷ್ಯ.

"ಹೆಣ್ಣುಮಗು, ಮುಖ ಕೆಟ್ಟರೆ ಮುಂದೆ ಲಗ್ನಕ್ಕೆ ತೊಡಕು" ಎಂದು ಕೆಲವರು ವಿಷಯವನ್ನೇ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮುರಿತವೇ ಮುಖವನ್ನು ಕೆಡಿಸುವುದು. ಗಂಡಾಗಲಿ ಹೆಣ್ಣಾಗಲಿ ಉಣ್ಣುವ ಬಾಯಿ ಒಂದೇ, ನೋವೂ ಒಂದೇ. ಮಗನನ್ನು ಒಯ್ಯುವಷ್ಟೇ ತ್ವರೆಯಿಂದ ಮಗಳನ್ನೂ ಆಸ್ಪತ್ರೆಗೆ ಒಯ್ಯಿರಿ.

"ಎಲ್ಲಿಗೆ ಹೋಗಬೇಕು?" ಎಂದು ಕೇಳುತ್ತೀರಿ. ಮೊದಲು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ, ಇಲ್ಲವೇ ತಾಲ್ಲೂಕು ಆಸ್ಪತ್ರೆಗೆ ಬನ್ನಿರಿ. ಅಲ್ಲಿ ಉಸಿರು, ರಕ್ತಸ್ರಾವ, ತಲೆಯ ಪೆಟ್ಟು ಇವನ್ನು ನೋಡಿ, ಚೀಟಿ ಬರೆದು ರಾಯಚೂರಿಗೆ ಕಳಿಸುತ್ತಾರೆ. ರಾಯಚೂರಿನಲ್ಲಿ ರಿಮ್ಸ್ ಬೋಧಕ ಆಸ್ಪತ್ರೆಯಿದೆ. ದಂತ ವೈದ್ಯಕೀಯ ಕಾಲೇಜುಗಳೂ ಇವೆ. ಹೋಗುವಾಗ ಪಡಿತರ ಚೀಟಿಯನ್ನೂ ಆಧಾರ್ ಚೀಟಿಯನ್ನೂ ಒಯ್ಯಿರಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ದೊರೆಯುವ ನೆರವನ್ನು ಅಲ್ಲಿಯೇ ವಿಚಾರಿಸಿರಿ.

ಪೆಟ್ಟಾಗದಂತೆ ಎಚ್ಚರ

ಮಾಳಿಗೆಗೆ ಮೊಣಕಾಲು ಮೀರುವಷ್ಟಾದರೂ ಅಂಚಿನ ಗೋಡೆ ಕಟ್ಟಿಸಿರಿ. ಅದಾಗುವವರೆಗೆ ಮಕ್ಕಳನ್ನು ನಡುವೆ ಮಲಗಿಸಿಕೊಳ್ಳಿರಿ. ತುಂಬಿದ ಟ್ರ್ಯಾಕ್ಟರಿನ ಮೇಲೆ ಮಕ್ಕಳನ್ನು ಹತ್ತಿಸಬೇಡಿರಿ, ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಕೂಡಿಸಬೇಡಿರಿ. ಕೂಸನ್ನು ಹೊತ್ತು ತಿರುಗುವ ಹೊಣೆ ಸಣ್ಣ ಹುಡುಗಿಯದಲ್ಲ. ಒಂದು ಮಗುವಿಗೂ ಇನ್ನೊಂದಕ್ಕೂ ಕನಿಷ್ಠ 3 ವರ್ಷಗಳ ಅಂತರವಿದ್ದರೆ, ಪ್ರತಿಯೊಂದು ಮಗುವಿನ ಮೇಲೂ ತಾಯಿಯ ಕಣ್ಣಿರಲು ಸಾಧ್ಯ. ಕುಟುಂಬ ಕಲ್ಯಾಣ ಕಾರ್ಯಕ್ರಮವು ಹೇಳುವ ಅಂತರದ ಬೆಲೆ ಇಲ್ಲಿಯೂ ತಿಳಿಯುತ್ತದೆ.

ಕೊನೆಯದಾಗಿ ಮೂರು ಮಾತುಗಳನ್ನು ಮನೆಗೆ ಒಯ್ಯಿರಿ. ಗದ್ದಕ್ಕೆ ಪೆಟ್ಟಾದರೆ ಕಿವಿಯ ಮುಂದಿನ ಕೀಲನ್ನು ಅದೇ ದಿನ ತೋರಿಸಿರಿ. ಕೊಯ್ಯಲಿಲ್ಲವೆಂದು ಕೊರಗದೆ, ಹೇಳಿದ ವ್ಯಾಯಾಮವನ್ನು ಗಂಡ ಹೆಂಡಿರಿಬ್ಬರೂ ಹೊಣೆ ಹಂಚಿಕೊಂಡು ಮಾಡಿಸಿರಿ. ಮಗು ಬೆಳೆದು ನಿಲ್ಲುವವರೆಗೆ ವರ್ಷಕ್ಕೊಮ್ಮೆ ತೋರಿಸುವುದನ್ನು ಬಿಡಬೇಡಿರಿ.